ಹರಿಹರದ ಸೀಲು

ಮಾಲತೇಶನ ಜೊತೆ ನಾನಾಡಿದ ಮೊದಲ ಮಾತೇ ಜಗಳದ್ದು. ಆಗಲೇ ಎಚ್ಚರಾಗಬೇಕಿತ್ತು. ಆದರೆ ಜಗಳಕ್ಕೆ ಬಂದ ಗಂಡಸಿನ ಕೆನ್ನೆಯಲ್ಲಿ ಗುಳಿ ಬಿದ್ದರೆ ಇಪ್ಪತ್ತನಾಲ್ಕರ ಹುಡುಗಿಗೆ ಎಚ್ಚರ ಎಲ್ಲಿಂದ ಬರಬೇಕು?

ದಾವಣಗೆರೆ ಜಿಲ್ಲೆಯಾದ ವರ್ಷ ಅದು. ಮಂಡಿಪೇಟೆಯಲ್ಲಿ ನಮ್ಮ ತಂದೆ ಕೊಟ್ಟೂರಪ್ಪನವರ ಜವಳಿ ಅಂಗಡಿ, ಮಹಡಿಯ ಮೇಲೆ ಮನೆ. ಅಂಗಡಿಯ ಮುಂದಿನ ಮೂಲೆಯಲ್ಲಿ ಒಂದು ಟೇಬಲ್ಲು, ಒಂದು ಫೋನು, ಮೇಲೆ ‘ಉಮಾ ಟ್ರಾವೆಲ್ಸ್’ ಅಂತ ಬೋರ್ಡು. ಉಮಾಮಹೇಶ್ವರಿ ಅಂತ ಪೂರ್ತಿ ಬರೆಸಬೇಕೆಂದು ನನಗೆ ಆಸೆಯಿತ್ತು. ‘ಅಷ್ಟುದ್ದ ಓದೋದ್ರೊಳಗೆ ಗಿರಾಕಿ ಮುಂದಿನ ಅಂಗಡಿಗೆ ಹೋಗಿರ್ತಾನೆ’ ಅಂತ ಅಪ್ಪಾಜಿ ಅರ್ಧಕ್ಕೇ ನಿಲ್ಲಿಸಿದರು.

ನಮ್ಮೂರಿಗೆ ವಿಮಾನ ನಿಲ್ದಾಣವಿಲ್ಲ. ಆದರೂ ನಾನು ಮಾರುತ್ತಿದ್ದದ್ದು ವಿಮಾನದ ಟಿಕೆಟ್ಟು. ಹುಬ್ಬಳ್ಳಿಯಿಂದ ಬಾಂಬೆಗೆ ಹಾರುವ ತುಂಗಾ ಏರ್‌ವೇಸ್ ಅನ್ನುವ ಪುಟ್ಟ ಕಂಪನಿಯ ಏಜೆಂಟು ನಾನು. ಫ್ಯಾನಿನ ವಿಮಾನ, ನಲವತ್ತು ಸೀಟು. ಊಟವಿಲ್ಲ, ಚಾಕೊಲೇಟಿಲ್ಲ, ಕೇಳಿದರೆ ನೀರು. ಟಿಕೆಟ್ ಹದಿನಾಲ್ಕು ನೂರು ರೂಪಾಯಿ. ದೊಡ್ಡ ಕಂಪನಿಗಳದ್ದು ಎರಡೂವರೆ ಸಾವಿರ. ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಬಾಂಬೆಗೆ ಹೋಗುತ್ತಿದ್ದವರು ನನ್ನ ಟೇಬಲ್ಲಿನ ಮುಂದೆ ನಿಂತು, ‘ನಿಜವಾಗ್ಲೂ ಹಾರತ್ತಾ ಅವ್ವಾ?’ ಅಂತ ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಅವನು ಬಂದ. ಹರಿಹರದಲ್ಲಿ ಸ್ವರ್ಣ ಏರ್ ಎಂಬ ದೊಡ್ಡ ಕಂಪನಿಯ ಬುಕಿಂಗ್ ಆಫೀಸು ನೋಡಿಕೊಳ್ಳುವವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಪನಿ ಕೊಟ್ಟ ಟೈ.

“ರೀ ಮೇಡಂ, ನೀವು ಟಿಕೆಟ್ ಮಾರ್ತೀರೋ, ಬದನೆಕಾಯಿ ಮಾರ್ತೀರೋ?”

“ಕೂಡ್ರಿ. ನಿಮಗ್ಯಾವ್ದು ಬೇಕು?”

“ನನ್ನ ನಾಕು ಗಿರಾಕಿ ನಿಮ್ಮ ಕಡೆ ಬಂದಾರೆ. ಹಿಂಗೆ ಅಗ್ಗ ಮಾಡಿದ್ರೆ ನಮ್ಮ ಹೊಟ್ಟೆಪಾಡು ಹೆಂಗೆ?”

“ನಿಮ್ಮ ವಿಮಾನದಾಗ ಊಟ ಕೊಡ್ತಾರಂತಲ್ರಿ. ಅದನ್ನೇ ಒಂದು ಡಬ್ಬಿಗೆ ಹಾಕಿಸ್ಕೊಂಡು ಬರ್ರಿ, ಹೊಟ್ಟೆ ತುಂಬತ್ತೆ.”

ನಗಬಾರದೆಂದು ಅವನು ತುಟಿ ಕಚ್ಚಿಕೊಂಡ. ಆದರೆ ಆ ಹಾಳು ಗುಳಿ ಬಿದ್ದೇಬಿಟ್ಟಿತು. ಟೈ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ, ತಗ್ಗಿಸಿದಲ್ಲಿಂದಲೇ ಕಣ್ಣು ಮಾತ್ರ ಎತ್ತಿ ನನ್ನ ನೋಡಿದ. ಬಟ್ಟೆ ಅಳೆಯುತ್ತಿದ್ದ ಅಪ್ಪಾಜಿ ಕೆಮ್ಮಿದರು. ನಾನು ಫೋನಿನ ರಿಸೀವರ್ ಎತ್ತಿ, ಯಾರೂ ಇಲ್ಲದ ಲೈನಿಗೆ ‘ಹಲೋ’ ಅಂದೆ.

ತುಂಗಾಗೆ ಇದ್ದದ್ದೇ ಎರಡು ವಿಮಾನ. ಒಂದು ಕೆಟ್ಟರೆ ಹುಬ್ಬಳ್ಳಿ ಸರ್ವಿಸು ರದ್ದು. ಆಗ ನಮಗೊಂದು ದಾರಿಯಿತ್ತು. ಒಂದು ಕಂಪನಿಯ ವಿಮಾನ ರದ್ದಾದರೆ ಇನ್ನೊಂದು ಕಂಪನಿಯವರು ಅದೇ ಟಿಕೆಟ್ಟಿನ ಮೇಲೆ ತಮ್ಮ ಸೀಲು ಒತ್ತಿ ತಮ್ಮ ವಿಮಾನದಲ್ಲಿ ಕೂರಿಸಿಕೊಳ್ಳಬಹುದು. ಸ್ವರ್ಣದವರಿಗೆ ಮೆರಿಡಿಯನ್ ಅನ್ನುವ ಇನ್ನೊಂದು ದೊಡ್ಡ ಕಂಪನಿಯ ಜೊತೆ ಹಾವು ಮುಂಗುಸಿ ಜಗಳ. ಇಬ್ಬರ ವಿಮಾನದಲ್ಲೂ ಸೀಟು ಖಾಲಿ. ಹಾಗಾಗಿ ನಮ್ಮ ಜನರನ್ನು ಕೂರಿಸಿಕೊಂಡು ತುಂಗಾದಿಂದ ದುಡ್ಡು ವಸೂಲು ಮಾಡುವುದು ಅವರಿಗೂ ಲಾಭವೇ.

ನನ್ನ ಪ್ರಯಾಣಿಕರು ಬಡೇಸಾಬರ ಮೆಟಡಾರಿನಲ್ಲಿ ಬೆಳಿಗ್ಗೆ ಏಳಕ್ಕೆ ಮಂಡಿಪೇಟೆ ಬಿಡುತ್ತಿದ್ದರು. ಹರಿಹರ ದಾರಿಯಲ್ಲೇ. ರದ್ದಾದ ದಿನ ಗಾಡಿ ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಮಾಲತೇಶ ಸೀಲು, ಇಂಕಿನ ಪ್ಯಾಡು ಹಿಡಿದು ಒಳಗೆ ಹತ್ತುತ್ತಿದ್ದ. ಟಿಕೆಟ್ಟುಗಳನ್ನು ಒಂದೊಂದಾಗಿ ಅವನ ಮುಂದೆ ಹಿಡಿಯುವುದು ನನ್ನ ಕೆಲಸ. ಅದಕ್ಕೆ ನಾನೇ ಯಾಕೆ ಹೋಗಬೇಕಿತ್ತು, ಬಡೇಸಾಬರ ಕೈಲಿ ಕೊಟ್ಟರೆ ಸಾಕಿತ್ತಲ್ಲ ಅಂತ ಕೇಳಬೇಡಿ. ಕೇಳಬೇಕಾದವರು ಆಗಲೇ ಕೇಳಿದ್ದಾರೆ.

“ಬೇರೆ ಏಜೆಂಟ್ರು ವಿಮಾನ ಕ್ಯಾನ್ಸಲ್ ಆದ್ರೆ ಅಳ್ತಾರೆ. ನೀವು ಕಾಡಿಗೆ ಹಚ್ಕೊಂಡು ಬರ್ತೀರಲ್ಲ ಮೇಡಂ,” ಅನ್ನುತ್ತಿದ್ದರು ಬಡೇಸಾಬ್, ಕನ್ನಡಿಯಲ್ಲಿ ನನ್ನ ನೋಡುತ್ತ.

“ನೀವು ರೋಡ್ ನೋಡಿ ಗಾಡಿ ಓಡಸ್ರಿ.”

ನಿಜ ಹೇಳುತ್ತೇನೆ, ಹುಬ್ಬಳ್ಳಿಯಿಂದ ‘ಇವತ್ತು ಫ್ಲೈಟ್ ಇಲ್ಲ’ ಅಂತ ಫೋನು ಬಂದ ಕೂಡಲೇ ನಾನು ಕನ್ನಡಿ ಹುಡುಕುತ್ತಿದ್ದೆ. ನನ್ನ ಅನ್ನ ಕೊಡುವ ವಿಮಾನ ಕೆಟ್ಟು ನಿಂತಿದೆ, ನಾನು ಮಲ್ಲಿಗೆ ಮುಡಿಯುತ್ತಿದ್ದೇನೆ. ನಾಚಿಕೆಗೇಡು ಅಂದರೆ ಇದೇ.

ಸೀಲು ಒತ್ತುವಾಗ ಅವನಿಗೆ ಒಂದು ಅಭ್ಯಾಸವಿತ್ತು. ಮೊದಲು ಟಿಕೆಟ್ಟು ನೋಡುವುದು, ಆಮೇಲೆ ಅದನ್ನು ಹಿಡಿದ ನನ್ನ ಬೆರಳು, ಆಮೇಲೆ ಮೆಲ್ಲಗೆ ಬಳೆಯವರೆಗೆ, ಕೊನೆಗೆ ಕಣ್ಣು. ಅಷ್ಟು ಆದಮೇಲೆ ಠಪ್ಪಂತ ಸೀಲು. ಹನ್ನೆರಡು ಟಿಕೆಟ್ಟಿದ್ದರೆ ಹನ್ನೆರಡು ಸಲ. ಹಿಂದೆ ಕೂತ ಮುದುಕರು, ‘ಬೇಗ ಹೊಡೀಪಾ, ವಿಮಾನ ಹೋಗತ್ತೆ’ ಅನ್ನುತ್ತಿದ್ದರು.

ಗಾಡಿ ಹೋದಮೇಲೆ ನಾನು ದಾವಣಗೆರೆ ಬಸ್ಸಿಗೆ ಕಾಯಬೇಕು. ಹರಿಹರದಿಂದ ಹತ್ತು ನಿಮಿಷಕ್ಕೊಂದು ಬಸ್ಸು. ನನಗೆ ಮಾತ್ರ ಒಂದು ಗಂಟೆಯಾದರೂ ಬಸ್ಸು ಸಿಗುತ್ತಿರಲಿಲ್ಲ. ಹೊಳೆ ಕಡೆಯ ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂರುತ್ತಿದ್ದೆವು.

“ಇವತ್ತು ಕ್ಯಾನ್ಸಲ್ ಆಗ್ಲಿ ಅಂತ ಹರಿಹರೇಶ್ವರನಿಗೆ ಬೇಡ್ಕೊಂಡಿದ್ದೆ,” ಅಂದ ಒಂದು ದಿನ.

“ನಮ್ಮ ಕಂಪನಿ ಮುಳುಗ್ಲಿ ಅಂತಾನಾ?”

“ಮುಳುಗೋದು ಬ್ಯಾಡ. ವಾರಕ್ಕೊಂದ್ಸಲ ಕೆಟ್ರೆ ಸಾಕು.”

“ನಿನ್ನ ಬಾಯಿಗಿಷ್ಟು...” ಅಂದವಳು ನಾಲಿಗೆ ಕಚ್ಚಿಕೊಂಡೆ. ಅದುವರೆಗೆ ‘ನೀವು’ ಅನ್ನುತ್ತಿದ್ದೆ. ಅವನು ಕೇಳಿಸಿಕೊಂಡ. ಟೀ ಲೋಟ ತುಟಿಯವರೆಗೆ ಹೋದದ್ದು ಅಲ್ಲೇ ನಿಂತಿತು. ಲೋಟದ ಅಂಚಿನ ಮೇಲಿಂದ ಅವನ ಕಣ್ಣು ನಕ್ಕಿದ್ದು ನನಗೆ ಈಗಲೂ ಕಾಣುತ್ತದೆ. ಕಾಣಬಾರದಿತ್ತು.

ಆ ಹೊತ್ತಿಗೆ ಪ್ರೀತಿ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದಿದ್ದವರು ಅಪ್ಪಾಜಿ ಒಬ್ಬರೇ. ಅವರದು ಒಂದೇ ಮಾತು, ‘ಕಮಿಷನ್ ಮ್ಯಾಲೆ ಬದುಕೋನಿಗೆ ಮಗಳನ್ನ ಕೊಡಲ್ಲ. ತಿಂಗಳ ಸಂಬಳ ಇರ್ಬೇಕು.’ ಮಾಲತೇಶ ಬದುಕುತ್ತಿದ್ದದ್ದು ಕಮಿಷನ್ ಮೇಲೆಯೇ.

ಡಿಸೆಂಬರಿನಲ್ಲಿ ಪೇಪರಿನಲ್ಲಿ ಸುದ್ದಿ ಬಂತು: ಸ್ವರ್ಣ, ಮೆರಿಡಿಯನ್ ಎರಡೂ ಒಂದಾದವು. ಹೊಸ ಹೆಸರು, ಹೊಸ ಬಣ್ಣ. ನಿನ್ನೆಯವರೆಗೆ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದವರು ಒಂದೇ ತಟ್ಟೆಯಲ್ಲಿ ಉಣ್ಣತೊಡಗಿದರು. ದೊಡ್ಡವರು ಒಂದಾದಾಗ ಚಿಕ್ಕವರು ಜಾಗ ಖಾಲಿ ಮಾಡಬೇಕು ಅನ್ನುವುದು ನನ್ನಂಥ ದಡ್ಡಿಗೆ ಹೊಳೆಯಲೇ ಇಲ್ಲ. ನಾನು ಅವನಿಗೆ ಕಂಗ್ರಾಜುಲೇಷನ್ಸ್ ಹೇಳಿದೆ!

ಸಂಕ್ರಾಂತಿಗೆ ಅವರು ಹುಬ್ಬಳ್ಳಿ ಟಿಕೆಟ್ಟಿನ ದರ ಇಳಿಸಿದರು. ಎರಡೂವರೆ ಸಾವಿರದಿಂದ ಸಾವಿರದ ನೂರಕ್ಕೆ. ನಮಗಿಂತ ಮುನ್ನೂರು ಕಮ್ಮಿ, ಮೇಲೆ ಊಟ. ಹೊರಡುವ ಹೊತ್ತೂ ನಮ್ಮದೇ ಹೊತ್ತು, ಅರ್ಧ ಗಂಟೆ ಹಿಂದೆ ಮುಂದೆ. ನನ್ನ ಟೇಬಲ್ಲಿನ ಮುಂದಿನ ಜನ ಕರಗಿದರು. ತುಂಗಾ ವಿಮಾನ ಈಗ ಕೆಟ್ಟದ್ದಕ್ಕಲ್ಲ, ಜನರಿಲ್ಲದ್ದಕ್ಕೆ ರದ್ದಾಗತೊಡಗಿತು. ವಾರಕ್ಕೊಂದು ಸಲವಲ್ಲ, ಮೂರು ಸಲ.

“ಈ ದರದಾಗ ನಿಮಗೆ ಪೆಟ್ರೋಲಿನ ಖರ್ಚಾದ್ರೂ ಹುಟ್ಟತ್ತಾ?” ಅಂತ ಅವನನ್ನೇ ಕೇಳಿದೆ.

“ಹುಟ್ಟಲ್ಲ. ಲಾಸ್‌ನಾಗೇ ಹಾರಸ್ತಾರೆ.”

“ಎಲ್ಲೀತನ?”

ಅವನು ನನ್ನ ಕೈ ಹಿಡಿದ. ಮೊದಲ ಸಲ, ಹೋಟೆಲಿನ ಟೇಬಲ್ಲಿನ ಕೆಳಗೆ. “ಹೊಸ ಕಂಪನೀಲಿ ದಾವಣಗೆರೆಗೊಬ್ಬ ಸೇಲ್ಸ್ ಆಫೀಸರ್ ತಗೋತಾರಂತೆ. ಕಾಯಂ ನೌಕ್ರಿ. ನನ್ನ ಹೆಸರೈತೆ. ಆರ್ಡರ್ ಬಂದ ದಿನ ನಮ್ಮ ದೊಡ್ಡಪ್ಪನ ಕರ್ಕೊಂಡು ನಿಮ್ಮನೆಗೆ ಬರ್ತೀನಿ.” ಅವನ ಹೆಬ್ಬೆರಳಿನಲ್ಲಿ ಸೀಲಿನ ನೀಲಿ ಇಂಕು. ನನ್ನ ಅಂಗೈಗೂ ಹತ್ತಿತು. ಆ ದಿನ ಊಟಕ್ಕೆ ಕೂತಾಗಲೂ ಕೈ ಸರಿಯಾಗಿ ತೊಳೆಯಲಿಲ್ಲ ನಾನು.

ಫೆಬ್ರವರಿಯ ಒಂದು ಸೋಮವಾರ ಮತ್ತೆ ರದ್ದು. ಪ್ರಯಾಣಿಕರು ಏಳೇ ಜನ, ದರ ಇಳಿಯುವ ಮುಂಚೆ ನನ್ನ ಹತ್ತಿರ ಟಿಕೆಟ್ ಕೊಂಡವರು. ಅವರಲ್ಲೊಬ್ಬ ಅಲ್ಲಾಬಕ್ಷ್. ಹರಿಹರದ ಲೇತ್ ಮಷೀನಿನ ಕೆಲಸಗಾರ. ಮಸ್ಕತ್‌ನಲ್ಲಿ ನೌಕರಿ ಸಿಕ್ಕಿತ್ತು. ಅವತ್ತೇ ಬಾಂಬೆಯಿಂದ ಅವನ ಮುಂದಿನ ವಿಮಾನ. ವೀಸಾದ ಗಡುವು ಮುಗಿಯುವುದೂ ಅವತ್ತೇ. ಅವನ ತಾಯಿ ಶಹರ್ಬಾನು ಹಿಂದಿನ ದಿನವೇ ನನ್ನ ಟೇಬಲ್ಲಿಗೆ ಬಂದು ಕೈ ಹಿಡಿದುಕೊಂಡಿದ್ದರು. “ಬೇಟಿ, ವಿಮಾನ ನಿಂತುಹೋದ್ರೆ?” ಅಂತ ಕೇಳಿದ್ದರು. “ನಿಂತ್ರೂ ನಿಮ್ಮ ಮಗ ಹೋಗ್ತಾನೆ. ಹರಿಹರದಾಗ ಸೀಲ್ ಹೊಡಿಸಿ ಕಳಿಸ್ತೀನಿ. ನನ್ನ ಮಾತು,” ಅಂದಿದ್ದೆ.

ಹರಿಹರದಲ್ಲಿ ಮೆಟಡಾರ್ ನಿಂತಿತು. ಅಲ್ಲಾಬಕ್ಷ್ ತಾಯಿಯ ಜೊತೆ ಅಲ್ಲೇ ಕಾಯುತ್ತಿದ್ದ, ಹತ್ತಿ ಕೂತ. ಮಾಲತೇಶ ಸೀಲು ಹಿಡಿದು ಬಂದ. ನಾನು ಹಸಿರು ಸೀರೆ ಉಟ್ಟಿದ್ದೆ. ಟಿಕೆಟ್ಟು ಹಿಡಿದೆ. ಅವನು ಟಿಕೆಟ್ಟು ನೋಡಿದ, ಠಪ್ಪ್. ಮುಂದಿನದು, ಠಪ್ಪ್. ಬೆರಳಿಲ್ಲ, ಬಳೆಯಿಲ್ಲ, ಕಣ್ಣಿಲ್ಲ. ಏಳೂ ಟಿಕೆಟ್ಟು ಒಂದೇ ನಿಮಿಷಕ್ಕೆ ಮುಗಿದವು.

“ಏನ್ ಇವತ್ತು ಇಷ್ಟು ಸ್ಪೀಡು? ಆಫೀಸರ್ ಸಾಹೇಬ್ರ ಹಂಗೆ?” ಅಂತ ಛೇಡಿಸಿದೆ.

ಅವನ ಮುಖ ಕೆಂಪಾಯಿತು. ಆರ್ಡರ್ ಬಂದಿದೆ, ಹೇಳಲು ನಾಚಿಕೆ ಅಂದುಕೊಂಡೆ ನಾನು. ಆರ್ಡರ್ ಬಂದಿತ್ತು ಅನ್ನುವುದಂತೂ ನಿಜವೇ. ‘ತಲೆ ನೋಯ್ತೈತೆ’ ಅಂತ ಟೀಗೂ ಬರಲಿಲ್ಲ. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮದುವೆಗೆ ಯಾವ ಸೀರೆ ಅಂತ ಯೋಚಿಸುತ್ತ ಬಂದೆ.

ಸಂಜೆ ಆರಕ್ಕೆ ಬಡೇಸಾಬರ ಗಾಡಿ ಬಂದು ಅಂಗಡಿಯ ಮುಂದೆ ನಿಂತಿತು. ಖಾಲಿ ಬರಬೇಕಾದ ಗಾಡಿಯಿಂದ, ಹರಿಹರದಲ್ಲೇ ಇಳಿಯಬಹುದಾಗಿದ್ದ ಅಲ್ಲಾಬಕ್ಷ್ ಕೂಡ ಸೇರಿ, ಏಳೂ ಜನ ಇಳಿದರು.

ಹುಬ್ಬಳ್ಳಿ ಕೌಂಟರಿನಲ್ಲಿ ಅವರ ಟಿಕೆಟ್ಟು ಮುಟ್ಟಲೂ ಇಲ್ಲವಂತೆ. ‘ಹಳೇ ಸ್ವರ್ಣದ ಸೀಲು ಈಗ ನಡೆಯಲ್ಲ. ಇನ್ನು ತುಂಗಾ ಟಿಕೆಟ್ ತಗೊಳ್ಳಬಾರದು ಅಂತ ಮೂರು ದಿನದ ಹಿಂದೆಯೇ ಎಲ್ಲ ಆಫೀಸಿಗೂ ಫ್ಯಾಕ್ಸ್ ಹೋಗಿದೆ’ ಅಂದರಂತೆ. ಹೊಸ ಟಿಕೆಟ್ ಕೊಳ್ಳುತ್ತೇವೆಂದರೆ ಅಗ್ಗದ ದರಕ್ಕೆ ವಿಮಾನ ತುಂಬಿಹೋಗಿತ್ತು. ಅಲ್ಲಾಬಕ್ಷ್ ಕೌಂಟರಿನವನ ಕಾಲು ಹಿಡಿದನಂತೆ. ವಿಮಾನ ಏರುವುದನ್ನು ಬೇಲಿಯಾಚೆ ನಿಂತು ನೋಡಿದನಂತೆ.

ಅವನು ನನ್ನ ಬಯ್ಯಲಿಲ್ಲ. ಬಯ್ದದ್ದು ಊರು. ಮಾರನೆಯ ದಿನದ ಹೊತ್ತಿಗೆ ಮಂಡಿಪೇಟೆ ತುಂಬ ಒಂದೇ ಮಾತು: ಕೊಟ್ಟೂರಪ್ಪನ ಮಗಳು ನಡೆಯದ ಟಿಕೆಟ್ಟಿಗೆ ಸುಳ್ಳು ಸೀಲು ಹೊಡೆಸಿ ಕಳಿಸಿದಳು. ಶಹರ್ಬಾನು ಬಂದು ನನ್ನ ಟೇಬಲ್ಲಿನ ಮುಂದೆ ನಿಂತರು. “ಮಾತು ಕೊಟ್ಟಿದ್ದೆಯಲ್ಲ ಬೇಟಿ,” ಅಂದರು, ಅಷ್ಟೇ. ಅಪ್ಪಾಜಿ ನನ್ನ ಪರವಾಗಿ ಕೈ ಮುಗಿದರು. ನಮ್ಮಪ್ಪ ಯಾರಿಗೂ ಹಾಗೆ ಕೈ ಮುಗಿದದ್ದನ್ನು ನಾನು ನೋಡಿರಲಿಲ್ಲ.

ನಾನು ಹರಿಹರಕ್ಕೆ ಹೋದೆ. ಬಾಗಿಲಲ್ಲೇ ನಿಂತು ಕೇಳಿದೆ.

“ಫ್ಯಾಕ್ಸ್ ನೋಡಿದ್ದ್ಯಾ?”

ಅವನು ಸುಳ್ಳು ಹೇಳಲಿಲ್ಲ. “ನೋಡಿದ್ದೆ.”

“ಅವತ್ತು ಬೆಳಿಗ್ಗೆ ನಿನ್ನ ಹತ್ರ ಸೀಟಿದ್ವಾ?”

“ಒಂಬತ್ತಿದ್ವು.”

“ಹೊಸ ಟಿಕೆಟ್ ತಗೋರಿ ಅಂತ ಒಂದು ಮಾತು ಅಂದಿದ್ರೆ ನಾನೇ ಕೊಳ್ತಿದ್ದೆ. ನಿನ್ನ ಹತ್ರಾನೇ ಕೊಳ್ತಿದ್ದೆ.”

“ತುಂಗಾ ಏಜೆಂಟ್ರಿಗೆ ತಿಳಿಸಬಾರದು ಅಂತ ಫ್ಯಾಕ್ಸಿನಾಗೇ ಇತ್ತು ಉಮಾ. ಒಂದ್ಸಲ ಜನ ವಾಪಸ್ ಬಂದ್ರೆ ತುಂಗಾ ಹೆಸರು ಕೆಡತ್ತೆ ಅನ್ನೋದು ಅವರ ಲೆಕ್ಕ. ಅದರ ಬೆನ್ನಿಗೇ ನನ್ನ ಆರ್ಡರ್ ಬಂತು. ಒಂದಿನ ಹುಬ್ಬಳ್ಳಿಯೋರು ಹೆಂಗೋ ಅಡ್ಜಸ್ಟ್ ಮಾಡ್ತಾರೆ ಅಂತ...” ಟೇಬಲ್ಲಿನ ಮೇಲಿದ್ದ ಇಂಕಿನ ಪ್ಯಾಡು ಮುಚ್ಚಿದ. “ನಿನ್ನ ಸಲುವಾಗಿ ಸುಮ್ನಿದ್ದೆ. ನೌಕ್ರಿ ಇಲ್ದೆ ನಿಮ್ಮಪ್ಪ ನಿನ್ನ ಕೊಡ್ತಿದ್ರಾ?”

ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಅದೇ ಕ್ಷಣ ಅವನ ತಲೆ ನೇವರಿಸಬೇಕು ಅಂತಲೂ ಅನ್ನಿಸಿತು. ಹೆಣ್ಣು ಜನ್ಮದ ಮೇಲೆ ನನಗೆ ಅಸಹ್ಯವಾದದ್ದು ಆ ಒಂದೇ ಸಲ.

“ಹಂಗಾದ್ರೆ ಈಗ ಹೇಳು. ಶಹರ್ಬಾನು ಅವರಿಗೆ ಹೇಳು, ನಮ್ಮಪ್ಪಗೆ ಹೇಳು. ಉಮಾ ತಪ್ಪಿಲ್ಲ, ನನಗೆ ಗೊತ್ತಿತ್ತು ಅಂತ. ಅಷ್ಟು ಹೇಳಿ ಬಾ, ನಾನು ನಿನ್ನೋಳೇ.”

“ಹೇಳ್ತೀನಿ. ಸ್ವಲ್ಪ ದಿನ ತಡಿ. ಕೆಲಸ ಗಟ್ಟಿ ಆಗ್ಲಿ.”

ನಾನು ತಡೆದೆ. ಊರು ನನ್ನ ಸುಳ್ಳಿ ಅಂದಾಗಲೂ ಅವನ ಹೆಸರೆತ್ತಲಿಲ್ಲ. ಅದು ಅವನ ಬಾಯಿಂದಲೇ ಬರಲಿ, ನಾನು ಪ್ರೀತಿಸಿದವನು ಅಷ್ಟಾದರೂ ಗಂಡಸು ಅಂತ ನನಗೆ ಗೊತ್ತಾಗಲಿ ಅಂತ ಕಾದೆ. ಯುಗಾದಿಗೆ ಮೂರು ದಿನ ಮುಂಚೆ ತುಂಗಾ ಏರ್‌ವೇಸ್ ಬಾಗಿಲು ಹಾಕಿತು. ಹಬ್ಬ ಕಳೆದು ಹದಿನೈದು ದಿನಕ್ಕೆ ಹುಬ್ಬಳ್ಳಿ ಟಿಕೆಟ್ಟು ಮೂರು ಸಾವಿರದ ಇನ್ನೂರಾಯಿತು. ಊಟವನ್ನೂ ನಿಲ್ಲಿಸಿದರಂತೆ. ಅಗ್ಗದ ಆಸೆಗೆ ನನ್ನ ಬಿಟ್ಟು ಹೋಗಿದ್ದ ಗಿರಾಕಿಗಳು ‘ನಿಮ್ದೇ ಚಲೋ ಇತ್ತವ್ವಾ’ ಅಂತ ಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೋದರು.

ಬಸವ ಜಯಂತಿ ಕಳೆದ ಭಾನುವಾರ ಮಾಲತೇಶ ಮನೆಗೆ ಬಂದ. ಜೊತೆಗೆ ಅವನ ದೊಡ್ಡಪ್ಪ ಬಕ್ಕೇಶಪ್ಪ. ಅಪ್ಪಾಜಿಗೆ ಹಿಗ್ಗೋ ಹಿಗ್ಗು. ಕಾಯಂ ನೌಕರಿಯ ಹುಡುಗ, ನಮ್ಮ ಜನ, ಮೇಲಾಗಿ ಹೆಸರು ಕೆಟ್ಟ ಮಗಳನ್ನು ಕೇಳಿಕೊಂಡು ಬಂದವನು. ನಾನು ಉಪ್ಪಿಟ್ಟಿನ ತಟ್ಟೆ ಇಟ್ಟು ಗೋಡೆಗೆ ಒರಗಿ ನಿಂತೆ. ಅವನು ಬಡವಾಗಿದ್ದ. ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಗಿತ್ತು. ಇವತ್ತು ಹೇಳಲಿಕ್ಕೇ ಬಂದಿದ್ದಾನೆ ಅಂದುಕೊಂಡೆ.

ಬಕ್ಕೇಶಪ್ಪ ಉಪ್ಪಿಟ್ಟು ಮುಗಿಸಿ ಬಾಯಿ ಒರೆಸಿಕೊಂಡರು.

“ನೋಡ್ರಿ ಕೊಟ್ಟೂರಪ್ಪಾರೆ, ಹುಡುಗಿ ಕಡಿಂದ ಏನೋ ತಪ್ಪಾಗೈತೆ ಅಂತ ಊರಾಗ ಮಾತೈತೆ. ಯಾರದೋ ಸಾಬರ ಹುಡುಗನ ನೌಕ್ರಿ ಹೋತಂತೆ. ವಯಸ್ಸಿನ ಹುಡುಗಿ, ತಿಳೀದೆ ಮಾಡೇತೆ. ನಾವದನ್ನ ಮನಸಿಗೆ ಹಚ್ಕೊಂಡಿಲ್ಲ. ನಮ್ಮ ಹುಡುಗನೇ ‘ಇರ್ಲಿ ಬಿಡ್ರಿ’ ಅಂದ.”

ಅಪ್ಪಾಜಿ ಕಣ್ಣಲ್ಲಿ ನೀರು ತಂದುಕೊಂಡರು. “ನಿಮ್ಮದು ದೊಡ್ಡ ಮನಸು.”

ನಾನು ಮಾಲತೇಶನನ್ನೇ ನೋಡಿದೆ. ಅವನು ತಟ್ಟೆಯಲ್ಲಿ ಉಳಿದ ಕರಿಬೇವಿನ ಎಲೆಗಳನ್ನು ಒಂದು ಕಡೆ ಸರಿಸುತ್ತಿದ್ದ. ಇನ್ನೊಂದು ಕಡೆ ಸರಿಸಿದ. ಒಂದೇ ಒಂದು ಮಾತು ಸಾಕಿತ್ತು. ನಾನು ಆ ಮಾತಿಗೆ ಕಾದೆ.

“ಮಾಲತೇಶ್ ಅವ್ರೆ, ನೀವೇನೂ ಹೇಳೋದಿಲ್ವಾ?” ನಾನೇ ಕೇಳಿದೆ.

“ಅದೆಲ್ಲ ಈಗ್ಯಾಕ,” ಅಂದ. ತಲೆ ಎತ್ತದೆ. “ಆಗಿದ್ದಾಗಿ ಹೋತು.”

“ಅಪ್ಪಾಜಿ, ನನಗೆ ಈ ಸಂಬಂಧ ಬ್ಯಾಡ.”

ಆಮೇಲೆ ಗಲಾಟೆ. ಬಕ್ಕೇಶಪ್ಪ, “ಇಷ್ಟಾದ್ರೂ ಎಷ್ಟು ಸೊಕ್ಕು!” ಅಂತ ಶಲ್ಯ ಕೊಡವಿ ಎದ್ದರು. ಅಪ್ಪಾಜಿ ಅವರ ಹಿಂದೆ ಮೆಟ್ಟಿಲಿಳಿದು ಹೋದರು, ಅಂಗಲಾಚುತ್ತ. ಮಾಲತೇಶ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಮೆಟ್ಟಿಲ ತುದಿಯಲ್ಲಿ ಉಳಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಇಬ್ಬರ ನಡುವೆ ಒಂದು ಮೊಳ ದೂರ.

“ನಿನಗೆ ಹೇಳಿದೀನಲ್ಲ ಉಮಾ. ಸಾಲದಾ?” ಪಿಸುಮಾತಿನಲ್ಲಿ ಕೇಳಿದ.

“ನನಗೆ ಗೊತ್ತಿದ್ದದ್ದನ್ನೇ ನೀನು ಹೇಳಿದೆ. ಗೊತ್ತಿಲ್ಲದೋರಿಗೆ ಹೇಳ್ಬೇಕಿತ್ತು. ಈಗ್ಲೂ ಕೆಳಗಿದ್ದಾರೆ ಇಬ್ರೂ. ಹೋಗಿ ಹೇಳು.”

“ಹೇಳಿದ್ರೆ ನೌಕ್ರಿ ಹೋಗತ್ತೆ. ನೌಕ್ರಿ ಹೋದ್ರೆ ನೀನು ಹೋಗ್ತೀಯ.”

“ಮಾಲತೇಶ,” ಅಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. “ನೌಕ್ರಿ ಇಲ್ದಿದ್ರೂ, ಅಪ್ಪಾಜಿ ಕೊಡಲ್ಲ ಅಂದ್ರೂ, ನಾನು ಉಟ್ಟ ಸೀರೆಯಾಗೇ ನಿನ್ನ ಹಿಂದೆ ಬರ್ತಿದ್ದೆ. ನೀನು ಒಂದ್ಸಲಾನೂ ಕೇಳ್ಲಿಲ್ಲ.”

ಅವನು ನನ್ನ ನೋಡಿದ. ಕೆಳಗಿನಿಂದ ದೊಡ್ಡಪ್ಪ ಕರೆದರು, ‘ಬರ್ತೀಯೋ ಇಲ್ಲೋ?’ ಅಂತ. ಅವನು ನನ್ನ ಕಡೆಗೊಮ್ಮೆ, ಮೆಟ್ಟಿಲ ಕಡೆಗೊಮ್ಮೆ ನೋಡಿ, “ಬಂದೆ ದೊಡ್ಡಪ್ಪಾ,” ಅಂದ.

ಅವನ ಹೆಜ್ಜೆಯ ಸದ್ದು ಅಂಗಡಿ ದಾಟಿ ಬೀದಿಗೆ ಹೋಗುವವರೆಗೂ ನಾನು ಅಲ್ಲೇ ನಿಂತೆ. ಅಪ್ಪಾಜಿ ಒಬ್ಬರೇ ಮೇಲೆ ಬಂದರು. ಸಿಟ್ಟು ಇಳಿದು ಬರೀ ಸುಸ್ತು ಉಳಿದಿತ್ತು.

“ಆ ಹುಡುಗನಾಗ ಏನು ಕಮ್ಮಿ ಇತ್ತು ಹೇಳವ್ವ?”

ಹೇಳಬಹುದಿತ್ತು. ಒಂದೇ ಮಾತಿಗೆ ನನ್ನ ಹೆಸರು ಉಳಿಯುತ್ತಿತ್ತು, ಅವನದು ಹೋಗುತ್ತಿತ್ತು.

“ಏನೂ ಕಮ್ಮಿ ಇರ್ಲಿಲ್ಲ ಅಪ್ಪಾಜಿ,” ಅಂದು, ಅವರ ಎದೆಗೆ ಮುಖವಿಟ್ಟು ಅತ್ತೆ.